ಧ್ವಜಾಯದ ಕುರ್ಚಿ

ಗಂಜಾಂನ ವನಮಾಲಾ ಟೀಚರಿಗೆ ಬೇಕಾಗಿದ್ದದ್ದು ಒಂದು ಕುರ್ಚಿ. ಕೂತರೆ ಕಾಲು ನೆಲಕ್ಕೆ ತಾಗಬೇಕು, ಬೆನ್ನಿಗೆ ಒಂದು ಒರಗು ಇರಬೇಕು, ಅಷ್ಟೇ. ಇಷ್ಟು ಸಣ್ಣ ಆಸೆಯನ್ನು ಈಡೇರಿಸುವುದಕ್ಕೆ ಅವರ ಯಜಮಾನರು ದೊರೆಸ್ವಾಮಿ ಯುಗಾದಿಯಿಂದ ದೀಪಾವಳಿಯವರೆಗೆ ತೆಗೆದುಕೊಂಡರು. ಹಾಗೆಂದು ಅವರನ್ನು ಸೋಮಾರಿ ಎಂದು ಯಾರೂ ತಿಳಿಯಬಾರದು. ಅಷ್ಟು ತಿಂಗಳೂ ಆ ಮಹಾರಾಯರು ಒಂದು ಗಳಿಗೆ ಸುಮ್ಮನೆ ಕೂತವರಲ್ಲ. ಸುಮ್ಮನೆ ಕೂತಿದ್ದರೆ ಕೆಲಸ ಬೇಗ ಆಗುತ್ತಿತ್ತು.

ವನಮಾಲಾ ಆಳು ಗಿಡ್ಡ. ಅತ್ತೆಯ ಕಾಲದಿಂದಲೂ ಪ್ರತಿ ಶುಕ್ರವಾರ ನಿಮಿಷಾಂಬೆಗೆ ಇವರ ಮನೆಯಿಂದ ಒಂದು ಹೂವಿನ ಮಾಲೆ ಹೋಗುತ್ತಿತ್ತು. ಅತ್ತೆ ಹೋದ ಮೇಲೆ ಅದು ಇವರ ಕೈಗೆ ಬಂತು. ಗಣಿತದ ಟೀಚರಾಗಿ ಊರೂರು ಸುತ್ತುವಾಗಲೂ ಒಂದು ವಾರ ತಪ್ಪಿಸಿರಲಿಲ್ಲ. ಈಗ ನಿವೃತ್ತಿಯಾಗಿ ಕೈ ಬಿಡುವಾದಾಗ ಮಂಡಿ ಕೈಕೊಟ್ಟಿತು. ಡಾಕ್ಟರು ನೆಲದ ಮೇಲೆ ಕೂರಲೇಬೇಡಿ ಅಂದರು. ಮನೆಯ ಕುರ್ಚಿಗಳ ಮೇಲೆ ಕೂತರೆ ಕಾಲು ಗಾಳಿಯಲ್ಲಿ ತೂಗಾಡಿ, ಒಂದು ಮಾರು ಹೂ ಕಟ್ಟುವುದರೊಳಗೆ ಜೋಮು ಹಿಡಿದು ಊದಿಕೊಳ್ಳುತ್ತಿತ್ತು. ಹಾಗಾಗಿ ಒಂದು ಶುಕ್ರವಾರ ಅಂಗಡಿಯ ಮಾಲೆ ಕೊಂಡು ಹೋಗಿ ಕೊಟ್ಟರು. ಅರ್ಚಕರು ಅದನ್ನೇ ದೇವಿಗೆ ಹಾಕಿದರು. ಆದರೆ ವನಮಾಲಾ ಅವತ್ತು ದೇವಿಯ ಮುಖ ನೋಡಲಾರದೆ ತಲೆ ತಗ್ಗಿಸಿಕೊಂಡು ವಾಪಸಾದರು. ಮನೆಗೆ ಬಂದು ಅಡುಗೆಮನೆಯಲ್ಲಿ ಒಬ್ಬರೇ ಅತ್ತರು.

"ಒಂದು ಗಿಡ್ಡ ಪ್ಲಾಸ್ಟಿಕ್ ಕುರ್ಚಿ ತಂದುಬಿಡಿ" ಎಂದು ಗಂಡನಿಗೆ ಹೇಳಿದರು.

ದೊರೆಸ್ವಾಮಿಯವರಿಗೆ ಅವಮಾನವಾಯಿತು. ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಮೊಬೈಲಿನಲ್ಲಿ ವಿಡಿಯೋ ನೋಡಿ ಮರಗೆಲಸ ಕಲಿತಿದ್ದರು. ಆವರೆಗೆ ಒಂದು ಚಪ್ಪಲಿ ಸ್ಟ್ಯಾಂಡು, ಒಂದು ಮಣೆ ಆಗಿತ್ತು. ಮಣೆ ಸ್ವಲ್ಪ ಅಲ್ಲಾಡುತ್ತಿತ್ತು.

"ನಾನು ಬದುಕಿರುವಾಗ ದೇವರ ಹೂ ಕಟ್ಟೋಕೆ ಪ್ಲಾಸ್ಟಿಕ್ಕೇನೇ? ನಾನೇ ಮಾಡ್ತೀನಿ."

ಕಿರಂಗೂರಿನ ಶಿವಣ್ಣ ಅವರ ಹಳೆಯ ಸ್ನೇಹಿತ. ಕಬ್ಬು, ನಾಲ್ಕು ಹಸು, ಒಂದು ಟ್ರಾಕ್ಟರು ಇರುವ ಗಟ್ಟಿ ಕುಳ. ಸುದ್ದಿ ತಿಳಿದ ಮಾರನೇ ದಿನವೇ ಎರಡಿಂಚು ದಪ್ಪದ ಹೊನ್ನೆ ಹಲಗೆಗಳನ್ನು ತಂದು ಇಳಿಸಿದ. "ನಮ್ಮ ಗದ್ದೆ ಬದಿನ್ ಮರ ಸ್ವಾಮ್ಯೋರೆ. ಇದ್ನ ಮಾತ್ರ ತೆಳ್ಳುಗ್ ಮಾಡ್ಬ್ಯಾಡಿ. ಆನೆ ಕುಂತ್ರೂ ಅಳ್ಳಾಡ್ಬಾರ್ದು."

"ಕೂರೋದು ನಾನು ಶಿವಣ್ಣ" ಅಂದರು ವನಮಾಲಾ. ಯಾರೂ ಕೇಳಿಸಿಕೊಳ್ಳಲಿಲ್ಲ.

ಇಟ್ಟಿಗೆ ಜೋಡಿಸಿ, ಮೇಲೆ ಹಲಗೆ ಇಟ್ಟು, ಕೂತು ನೋಡಿ, ವನಮಾಲಾ ತಮಗೆ ಹದಿಮೂರು ಇಂಚು ಎತ್ತರ ಸರಿ ಎಂದು ಹೇಳಿದರು. ದೊರೆಸ್ವಾಮಿ ಅವತ್ತೇ ಆ ಅಳತೆಗೆ ನಾಲ್ಕು ಕಾಲು ಕೊಯ್ದುಹಾಕಿದರು. ಇನ್ನು ಜೋಡಿಸುವುದೊಂದೇ ಬಾಕಿ. ದೇವರ ಕೆಲಸದ ಕುರ್ಚಿಗೆ ಮೊಳೆ ಹೊಡೆಯುವ ಹಾಗಿಲ್ಲ. ಅದಕ್ಕೊಂದು ಮಿಷನ್ನು ಬರುತ್ತದೆ; ಎರಡೂ ಮರಕ್ಕೆ ಎದುರುಬದುರಾಗಿ ಸೀಳುಕಿಂಡಿ ಕೊರೆಯುತ್ತದೆ, ಆ ಕಿಂಡಿಗಳೊಳಗೆ ಬಿಲ್ಲೆಯಂಥ ಮರದ ತುಂಡಿಗೆ ಅಂಟು ಸವರಿ ಕೂರಿಸಿದರೆ ಆಯಿತು. ಕೊರೆಯುವ ಬಿಟ್ ಎಷ್ಟು ದಪ್ಪವೋ ಬಿಲ್ಲೆಯೂ ಅಷ್ಟೇ ದಪ್ಪ. ಸ್ನೇಹಿತರಿಬ್ಬರೂ ಪಾಂಡವಪುರದ ಅಂಗಡಿಗೆ ಹೊರಟರು. ಎಲ್ಲಿ ಎಡವಟ್ಟಾಗುತ್ತದೋ ಎಂದು ವನಮಾಲಾ ಕೂಡ ಹೋದರು.

ಅಂಗಡಿಯ ಧರ್ಮೇಂದ್ರ ಎರಡು ಮಿಷನ್ನು ಮುಂದಿಟ್ಟ, ಒಂದು ಚಿಕ್ಕದು, ಒಂದು ದೊಡ್ಡದು. "ಕುರ್ಚಿ, ಟೇಬಲ್‌ಗಾದ್ರೆ ಚಿಕ್ಕದು ಸಾಕು ಸಾರ್. ದೊಡ್ಡದಾದ್ರೆ ಬಾಗ್ಲು, ಮಂಚ ಎಲ್ಲಾ ಮಾಡ್ಬೋದು. ಎರಡೂ ತಗೊಂಡ್ರೆ ಇನ್ನೂ ಒಳ್ಳೇದು."

ಶಿವಣ್ಣ ಚಿಕ್ಕದನ್ನು ಎತ್ತಿ ನೋಡಿ ನಕ್ಕ. "ಇದ್ಯಾವ್ದು ಸ್ವಾಮ್ಯೋರೆ, ಗಡ್ಡ ಕೆರ್ಯೋ ಮಿಷನ್ ಇದ್ದಂಗದೆ. ತಕ್ಕೊಂಡ್ರೆ ದೊಡ್ಡದೇ ತಕ್ಕೊಬುಡಿ. ನಾನು ಮೊದ್ಲು ಚಿಕ್ಕ ಟ್ರಾಕ್ಟರ್ ತಕ್ಕೊಂಡು ಊರೋರ್ ತಾವೆಲ್ಲಾ ಆಡಿಸ್ಕೊಂಡಿವ್ನಿ."

ದೊರೆಸ್ವಾಮಿಯವರು ಇಬ್ಬರ ಮಾತನ್ನೂ ಕೇಳಿ, ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಲೆಕ್ಕ ಶುರುಮಾಡಿದರು. ವನಮಾಲಾಗೆ ನೋಡಿದ ಕೂಡಲೇ ಗೊತ್ತಾಯಿತು. ಅದು ಆಯದ ಲೆಕ್ಕ. ಅಳತೆಯನ್ನು ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜ, ಮೂರಕ್ಕೆ ಸಿಂಹ, ಐದಕ್ಕೆ ವೃಷಭ, ಏಳಕ್ಕೆ ಗಜ, ಇವು ಶುಭ. ಸಮಸಂಖ್ಯೆ ಉಳಿದರೆ ಹೊಗೆ, ನಾಯಿ, ಕತ್ತೆ. ಏನೂ ಉಳಿಯದಿದ್ದರೆ ಕಾಗೆ. ಮನೆಗೆ, ಬಾಗಿಲಿಗೆ, ಬಾವಿಗೆ ಆಯ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಕರೆಂಟಿನ ಮಿಷನ್ನಿನ ಬಿಟ್‌ಗೆ ಆಯ ನೋಡಿದವರಲ್ಲಿ ದೊರೆಸ್ವಾಮಿಯವರೇ ಮೊದಲಿಗರಿರಬೇಕು.

"ಕುರ್ಚಿಗೆ ಸಾಮಾನ್ಯವಾಗಿ ಯಾವ ಬಿಟ್ ಹಾಕ್ತಾರಪ್ಪ?"

"ಎಂಟು ಎಂಎಂ ಸಾರ್."

"ಕಾಗೆ!" ದೊರೆಸ್ವಾಮಿ ಬೆಚ್ಚಿಬಿದ್ದರು. "ಹತ್ತು?" ಹೊಗೆ. ಹನ್ನೆರಡು ನಾಯಿ. ಹದಿನಾಲ್ಕು ಕತ್ತೆ. ದೊಡ್ಡ ಮಿಷನ್ನಿನ ಬಿಟ್‌ಗಳೆಲ್ಲ ಮುಗಿದವು. ಆಳವನ್ನೂ ಗುಣಿಸಿ ನೋಡಿದರು, ಉದ್ದವನ್ನೂ ಗುಣಿಸಿ ನೋಡಿದರು. ಅಂಗೈ ತುಂಬಿ ಮೊಣಕೈವರೆಗೂ ಲೆಕ್ಕ ಹತ್ತಿತು. ನಾಯಿ ಕತ್ತೆ ಬಿಟ್ಟು ಬೇರೇನೂ ಬರಲಿಲ್ಲ.

ವನಮಾಲಾಗೆ ತಡೆಯಲಾಗಲಿಲ್ಲ. "ಸಮಸಂಖ್ಯೆನ ಯಾವುದ್ರಿಂದ ಗುಣಿಸಿದ್ರೂ ಸಮಾನೇ ಬರೋದು ರೀ. ಎಂಟರಿಂದ ಭಾಗಿಸಿದ್ರೆ ಉಳಿಯೋದೂ ಸಮಾನೇ. ಆರನೇ ಕ್ಲಾಸಿನ ಲೆಕ್ಕ."

ಈ ಮಾತು ಕೇಳಿ ಗಂಡ ಆಯ ಬಿಡುತ್ತಾರೆಂದು ಅವರು ಎಣಿಸಿದ್ದರು. ಗಂಡ ದೊಡ್ಡ ಮಿಷನ್ನು ಬಿಟ್ಟರು. ಏಕೆಂದರೆ ಚಿಕ್ಕದರ ಪೆಟ್ಟಿಗೆಯಲ್ಲಿ ಒಂದೇ ಒಂದು ಐದು ಎಂಎಂ ಬಿಟ್ ಇತ್ತು. ವೃಷಭ. ದೊರೆಸ್ವಾಮಿ ಅದನ್ನು ಕಣ್ಣಿಗೆ ಒತ್ತಿಕೊಂಡರು.

ಮನೆಗೆ ಬಂದ ಮೇಲೆ ಪೆಟ್ಟಿಗೆಯಲ್ಲಿದ್ದ ಪುಸ್ತಿಕೆಯನ್ನು ಓದಿದವರು ವನಮಾಲಾ ಒಬ್ಬರೇ. "ನೋಡಿ ಇಲ್ಲಿ, ಬಿಟ್ ಹಲಗೆ ದಪ್ಪದ ಸುಮಾರು ಮೂರನೇ ಒಂದು ಪಾಲು ಇರ್ಬೇಕಂತೆ. ನಮ್ಮ ಹಲಗೆ ಎರಡಿಂಚು. ಐದು ಎಂಎಂ ಯಾತಕ್ಕೂ ಸಾಲದು. ಒಂದೋ ಹಲಗೆ ತೆಳು ಮಾಡಿಸಿ, ಇಲ್ಲ ದೊಡ್ಡ ಮಿಷನ್ ತನ್ನಿ."

"ಹಲಗೆ ತೆಳು ಮಾಡಿದ್ರೆ ಶಿವಣ್ಣ ಬೇಜಾರ್ ಮಾಡ್ಕೋತಾನೆ. ದೊಡ್ಡ ಮಿಷನ್ ತಂದ್ರೆ ಕತ್ತೆ. ಪುಸ್ತಕ ಬರೆದೋರಿಗೆ ಆಯ ಎಲ್ಲಿ ಗೊತ್ತಿರತ್ತೆ? ಒಂದು ಬಿಲ್ಲೆ ಸಾಲದಿದ್ರೆ ನಾಲ್ಕು ಹಾಕಿದ್ರಾಯ್ತು" ಎಂದರು ದೊರೆಸ್ವಾಮಿ. ಹಾಗೆಯೇ ಮಾಡಿದರು ಕೂಡ. ಒಂದೊಂದು ಜೋಡಣೆಗೆ ನಾಲ್ಕು ನಾಲ್ಕು ತೆಳು ಬಿಲ್ಲೆ ಕೂರಿಸಿದ್ದರಿಂದ ಕುರ್ಚಿ ಹೇಗೋ ಬಿಗಿಯಾಯಿತು. ಆಷಾಢ ಕಳೆಯುವ ಹೊತ್ತಿಗೆ ಹದಿಮೂರು ಇಂಚಿನ ಕುರ್ಚಿ ಪಡಸಾಲೆಯಲ್ಲಿ ನಿಂತಿತು. ವನಮಾಲಾ ಹೂಬುಟ್ಟಿ ಹಿಡಿದುಕೊಂಡು ಓಡಿ ಬಂದರು.

"ತಾಳು ತಾಳು" ದೊರೆಸ್ವಾಮಿ ಅಡ್ಡ ನಿಂತರು. "ಹದಿಮೂರು ಅಂದ್ರೆ ವೃಷಭಾಯ. ದೋಷವೇನಿಲ್ಲ. ಆದ್ರೆ ದೇವಿ ಕೆಲಸಕ್ಕೆ ಧ್ವಜಾಯವೇ ಶ್ರೇಷ್ಠ ಕಣೇ. ಹದಿನೇಳು ಮಾಡಿಬಿಡೋಣ."

"ಹದಿನೇಳಾದ್ರೆ ನನ್ನ ಕಾಲು ತಾಗಲ್ಲ ರೀ."

"ಕಾಲಿಗೊಂದು ಮಣೆ ಮಾಡ್ಕೊಡ್ತೀನಿ."

ಆ ಮಣೆಯ ಎತ್ತರಕ್ಕೂ ಆಯ ನೋಡುತ್ತಾರೆಂದು ವನಮಾಲಾಗೆ ಗೊತ್ತಿತ್ತು. ರೇಗಿ ಹೋಯಿತು. ಮೂರು ದಿನ ಮಾತು ಬಿಟ್ಟರು. ಮಾತು ಬಿಟ್ಟದ್ದು ಒಳ್ಳೆಯದೇ ಆಯಿತು, ಏಕಾಗ್ರತೆ ಬರುತ್ತದೆ ಎಂದು ದೊರೆಸ್ವಾಮಿ ಶಿವಣ್ಣನ ಹತ್ತಿರ ಹೇಳಿಕೊಂಡರು. ಶುಕ್ರವಾರಗಳು ಒಂದೊಂದಾಗಿ ಅಂಗಡಿಯ ಮಾಲೆಯಲ್ಲೇ ಕಳೆದವು. ಈ ಕಡೆ ನಾಲ್ಕು ಕಾಲುಗಳ ಕೆಳಗೆ ನಾಲ್ಕಿಂಚಿನ ನಾಲ್ಕು ಪಾದಗಳು ಬಂದವು. ಬುಡಕ್ಕೆ ಬುಡ ಇಟ್ಟು, ನಡುವೆ ಒಂದೊಂದೇ ವೃಷಭ ಬಿಲ್ಲೆ ಕೂರಿಸಿ ಅಂಟಿಸಿದರು. ಪಾದ ಚಿಕ್ಕದು, ಒಂದು ಸಾಕು ಎಂಬುದು ಅವರ ತರ್ಕ. ಆಮೇಲೆ ಬಣ್ಣ, ಆಮೇಲೆ ಆ ಬಣ್ಣ ಸರಿಯಿಲ್ಲವೆಂದು ಕೆರೆದು ಪಾಲಿಶು.

ದೀಪಾವಳಿಯ ಸಮಯದ ಶುಕ್ರವಾರ ಬೆಳಗ್ಗೆ ಕುರ್ಚಿಗೆ ಅರಿಶಿನ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿದರು. ವನಮಾಲಾ ಸೇವಂತಿಗೆ, ಮರುಗ, ದಾರ ಎಲ್ಲ ಇಟ್ಟುಕೊಂಡು ಕಾದಿದ್ದರು. ಎತ್ತರವೋ ಗಿಡ್ಡವೋ, ಒಂದು ಸಲ ಕೂತು ಕಟ್ಟಿಬಿಟ್ಟರೆ ಸಾಕಾಗಿತ್ತು ಅವರಿಗೆ. ಆದರೆ ಮರ ಕೊಟ್ಟವನು ಮೊದಲು ಕೂರಬೇಕೆಂದು ದೊರೆಸ್ವಾಮಿ ಶಿವಣ್ಣನ ಕೈ ಹಿಡಿದೆಳೆದರು.

"ನಾನಾ? ಅಮ್ಮಾರು ಕುಂತ್ಕೊಳ್ಳಿ ಮೊದ್ಲು."

"ನೀನು ಕೂತ್ರೆ ಆನೆ ಕೂತ ಹಾಗೆ. ಪರೀಕ್ಷೆ ಆಗತ್ತೆ, ಕೂತ್ಕೋ."

ಶಿವಣ್ಣ ಟವೆಲ್ಲು ಕೊಡವಿ, ಕೈ ಮುಗಿದು, ಕೂತ. ಒರಗಿಕೊಳ್ಳಲು ಸ್ವಲ್ಪ ಹಿಂದಕ್ಕೆ ಜರುಗಿದ. ಪಟಪಟ ನಾಲ್ಕು ಸದ್ದು. ಕುರ್ಚಿ ಶಿವಣ್ಣನ ಸಮೇತ ದಡ್ ಎಂದು ಕೆಳಗಿಳಿದು, ನೆಟ್ಟಗೆ ನಿಂತಿತು. ನಾಲ್ಕು ಪಾದಗಳು ನಾಲ್ಕು ದಿಕ್ಕಿಗೆ ಉರುಳಿದವು. ವೃಷಭ ಬಿಲ್ಲೆಗಳು ಹಪ್ಪಳದ ಹಾಗೆ ಮುರಿದಿದ್ದವು.

"ಅಯ್ಯಯ್ಯಪ್ಪೋ!" ಶಿವಣ್ಣ ಎದ್ದು ಸೊಂಟ ಸವರಿಕೊಂಡ. "ನಾನು ಅವತ್ತೇ ಯೋಳ್ನಿಲ್ವಾ ಸ್ವಾಮ್ಯೋರೆ, ದೊಡ್ಡದೇ ತಕ್ಕೊಳಿ ಅಂತ? ಅದ್ರಲ್ ಮಾಡಿದ್ರೆ ಇಂಗಾಯ್ತಿತ್ತಾ?"

ದೊರೆಸ್ವಾಮಿಯವರ ಮುಖ ಕಪ್ಪಿಟ್ಟಿತು. ಆಯ ಸುಳ್ಳಾಗಲು ಸಾಧ್ಯವಿರಲಿಲ್ಲ. ಮುರಿದ ಒಂದು ಬಿಲ್ಲೆಯನ್ನು ಎತ್ತಿ ತಿರುಗಿಸಿ ನೋಡಿ, ಒಂದು ದಾರಿ ಕಂಡುಕೊಂಡರು. ಬಿಲ್ಲೆ ಮರದೊಳಗೆ ಹೋಗಿಬಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಣದ ವಸ್ತುವಿಗೆ ಆಯ ಲೆಕ್ಕವಿಲ್ಲ. ಹಾಗಾದರೆ ಹದಿನಾಲ್ಕು ಎಂಎಂ ಆದೀತು. "ನಡಿ ಶಿವಣ್ಣ, ಪಾಂಡವಪುರಕ್ಕೆ ಹೋಗಿ ದೊಡ್ಡ ಮಿಷನ್ ತಂದುಬಿಡೋಣ. ಸಂಜೆಯೊಳಗೆ ಪಾದ ಮತ್ತೆ ಕೂರಿಸ್ತೀನಿ. ವನೂ, ಅಲ್ಲೀವರೆಗೂ ಕುರ್ಚಿ ಮುಟ್ಟಬೇಡ, ಅಪಾಯ."

"ಆಯ್ತು, ಹೋಗಿಬನ್ನಿ" ಅಂದರು ವನಮಾಲಾ.

ಸ್ಕೂಟರಿನ ಸದ್ದು ರಸ್ತೆ ತಿರುವಿನಲ್ಲಿ ಅಡಗಿದ ಮೇಲೆ ಅವರು ಕುರ್ಚಿಯ ಹತ್ತಿರ ಬಂದರು. ಅಲ್ಲಾಡಿಸಿ ನೋಡಿದರು, ಅಲ್ಲಾಡಲಿಲ್ಲ. ಮೆಲ್ಲಗೆ ಕೂತರು. ಎರಡೂ ಪಾದ ತಣ್ಣನೆಯ ನೆಲದ ಮೇಲೆ ಪೂರ್ತಿ ಊರಿಕೊಂಡವು. ಮಂಡಿ ಏನೂ ಅನ್ನಲಿಲ್ಲ. ಬೆನ್ನು ಒರಗಿತು. ವನಮಾಲಾಗೆ ಎಷ್ಟು ಸಂತೋಷವಾಯಿತೆಂದರೆ ಒಬ್ಬರೇ ಗಟ್ಟಿಯಾಗಿ ನಕ್ಕರು. ಆಮೇಲೆ ಬುಟ್ಟಿ ತೊಡೆಗೆಳೆದುಕೊಂಡು ಕಟ್ಟಲು ಶುರುಮಾಡಿದರು. ಎರಡು ಮಾರು ಆಯಿತು, ಮೂರು ಮಾರು ಆಯಿತು, ಕಾಲಿಗೆ ಜೋಮು ಬರಲಿಲ್ಲ. ನಡುವೆ ಒಮ್ಮೆ ಮಾತ್ರ ಎದ್ದು, ಪಡಸಾಲೆಯಲ್ಲಿ ಬಿದ್ದಿದ್ದ ನಾಲ್ಕು ಪಾದಗಳನ್ನು ಆಯ್ದುಕೊಂಡು ಹಿತ್ತಿಲ ಬಚ್ಚಲಿಗೆ ಹೋಗಿಬಂದರು.

ಸ್ನೇಹಿತರು ದೊಡ್ಡ ಪೆಟ್ಟಿಗೆಯನ್ನು ಇಬ್ಬರೂ ಹಿಡಿದುಕೊಂಡು ಒಳಗೆ ಬಂದಾಗ ವನಮಾಲಾ ಕುರ್ಚಿಯಲ್ಲೇ ಇದ್ದರು. ಮಾಲೆ ಬುಟ್ಟಿಯಲ್ಲಿ ಸುತ್ತಿಕೊಂಡು ಕೂತಿತ್ತು. ದೊರೆಸ್ವಾಮಿ ಕುರ್ಚಿಯ ಕೆಳಗೆ ಬಗ್ಗಿ ನೋಡಿದರು, ಪಡಸಾಲೆಯ ಬೆಂಚಿನ ಕೆಳಗೆ ನೋಡಿದರು.

"ಪಾದಗಳು ಎಲ್ಲೇ?"

"ಹಂಡೆ ಒಲೆಗೆ ಹಾಕ್ದೆ."

"ಅಯ್ಯೋ ಅಮ್ಮಾರೇ, ಹೊನ್ನೆ ಮರ!" ಶಿವಣ್ಣ ಬಾಯಿ ಬಾಯಿ ಬಿಟ್ಟ.

"ಚೆನ್ನಾಗಿ ಉರೀತು ಶಿವಣ್ಣ. ನೀರು ಕಾದಿದೆ, ಇಬ್ರೂ ಕೈಕಾಲು ತೊಳ್ಕೊಂಡು ಬನ್ನಿ. ದೇವಸ್ಥಾನಕ್ಕೆ ಹೊತ್ತಾಯ್ತು."

ದೊರೆಸ್ವಾಮಿ ದೊಡ್ಡ ಮಿಷನ್ನನ್ನು ನೋಡಿದರು. ಅದರಿಂದ ಜೋಡಿಸಲು ಈ ಮನೆಯಲ್ಲಿ ಈಗ ಏನೂ ಉಳಿದಿರಲಿಲ್ಲ. ಬಯ್ಯಬೇಕೆಂದು ಹೆಂಡತಿಯ ಕಡೆ ತಿರುಗಿದವರು ಮೊದಲ ಸಲ ಅವರ ಕಾಲು ನೋಡಿದರು. ಅಷ್ಟು ಸಣ್ಣ ಪಾದಗಳು, ಒಂದರ ಪಕ್ಕ ಒಂದು ನೆಲದ ಮೇಲೆ ಇದ್ದವು. 

"ಸರಿಯಾಗಿದೆಯೇನೇ?" ಎಂದು ಕೇಳಿದರು. ಇಷ್ಟು ತಿಂಗಳಲ್ಲಿ ಅವರು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

ವನಮಾಲಾಗೆ ಪಾಪ ಅನ್ನಿಸಿತು. "ಸರಿಯಾಗಿದೆ" ಎಂದರು, ಮಾಲೆಯ ಬುಟ್ಟಿಯನ್ನು ಅವರ ಕೈಗೆ ಕೊಟ್ಟು ಎದ್ದು ನಿಂತರು.