ಕೆಳಮನೆಯ ಕಿಟಕಿ

ಊರೂರು ಬಾಡಿಗೆ ಮನೆಗಳಿಗೆ ಅಲೆದವಳು ನಾನು. ಹ್ಯೂಸ್ಟನ್ನಿನಲ್ಲಿ ಪ್ರವಾಹದ ನೀರು ಕಿಟಕಿಯವರೆಗೆ ಬಂದಿದ್ದ ತಿಂಗಳೂ ಮಾಲೀಕ ಬಾಡಿಗೆ ಬಿಡಲಿಲ್ಲ. ಫೀನಿಕ್ಸಿನಲ್ಲಿ ಬೇಸಿಗೆಯ ಮೊದಲಿಗೇ ಏಸಿ ಕೆಟ್ಟಿತು, ಬಾಗಿಲ ಹಿಡಿ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ರಿಪೇರಿಯವನು ಮುಖ ತೋರಿಸಿದ್ದು ಬೇಸಿಗೆ ಮುಗಿದ ಮೇಲೆ. ಯಾವ ಊರಿನಲ್ಲಿ ಏನಿಲ್ಲದೆ ಜೀವ ಹೋಗುತ್ತದೋ ಅದನ್ನೇ ಬಿಗಿಹಿಡಿದು ಕೂರುವುದನ್ನು ಈ ಮನೆ ಮಾಲೀಕರಿಗೆ ಯಾರು ಕಲಿಸುತ್ತಾರೋ ಕಾಣೆ. ಶಿಕಾಗೋದಲ್ಲಿ ಅವರು ಹಿಡಿದಿಟ್ಟುಕೊಳ್ಳುವುದು ಕಾವನ್ನು.

ನಮ್ಮದು ಮೂರು ಅಂತಸ್ತಿನ ಹಳೇ ಇಟ್ಟಿಗೆ ಕಟ್ಟಡ. ನೆಲಮಾಳಿಗೆಯಲ್ಲಿ ಒಂದೇ ಬಾಯ್ಲರ್. ಅದರ ಹಬೆ ಕೊಳವೆಯಲ್ಲಿ ಏರಿ ಎಲ್ಲ ಮನೆಗಳನ್ನೂ ಬೆಚ್ಚಗಿಡಬೇಕು. ಬಾಯ್ಲರ್ ಯಾವಾಗ ಉರಿಯಬೇಕೆಂದು ಹೇಳುವ ಥರ್ಮೋಸ್ಟಾಟ್ ಮಾತ್ರ ಕೆಳಮನೆಯ ಗೋಡೆಯ ಮೇಲೆ, ಬೀಗ ಹಾಕಿದ ಡಬ್ಬಿಯೊಳಗೆ. ಬಾಯ್ಲರಿನ ನೆತ್ತಿಯ ಮೇಲೇ ಇರುವ ಆ ಮನೆ ಬೇಗ ಕಾಯುತ್ತದೆ, ಕಾದ ಕೂಡಲೇ ಬಾಯ್ಲರ್ ಆರುತ್ತದೆ. ಮೇಲಿನ ಮನೆಯಲ್ಲಿ ನಾನೂ ನನ್ನ ಮಗಳು ನೈಲಾಳೂ ಕೋಟು ತೊಟ್ಟೇ ಊಟಕ್ಕೆ ಕೂರುತ್ತಿದ್ದೆವು. ಕರೆಂಟಿನ ಹೀಟರ್ ಹಚ್ಚಿದರೆ ಫ್ಯೂಸ್ ಹಾರುತ್ತಿತ್ತು.

ನೈಲಾಳಿಗೆ ಸಿಕಲ್ ಸೆಲ್, ರಕ್ತದ ಕಾಯಿಲೆ. ಚಳಿ ಮೈಗೆ ಹತ್ತಿತೆಂದರೆ ಮೂಳೆಮೂಳೆಯೂ ನೋಯುತ್ತದೆ. ದಿಂಬು ಕಚ್ಚಿಕೊಂಡು ಸದ್ದಿಲ್ಲದೆ ಅಳುತ್ತಾಳೆ. "ಮಗೂನ ಬೆಚ್ಚಗಿಡಿ" ಎನ್ನುತ್ತಾರೆ ಡಾಕ್ಟರು, ಕಾವೂ ಔಷಧದ ಅಂಗಡಿಯಲ್ಲಿ ಸಿಗುತ್ತದೆ ಎನ್ನುವ ಹಾಗೆ. ಮಾಲೀಕರೆಂದರೆ ಒಂದು ಕಂಪನಿ. ಅಲ್ಲಿ ಫೋನು ಎತ್ತುವುದು ರೆಕಾರ್ಡ್ ಮಾಡಿಟ್ಟ ದನಿ. ನಡುವಿನ ಅಂತಸ್ತಿನವರು ದೂರು ಕೊಟ್ಟರು, ಅವರ ಬಾಡಿಗೆ ಕರಾರು ಮುಂದುವರಿಯಲಿಲ್ಲ. ಆ ಮನೆ ಈಗಲೂ ಖಾಲಿ ಬಿದ್ದಿದೆ.

ಕೆಳಮನೆಯಲ್ಲಿ ಆಂಬ್ರೋಸ್ ತಾತ ಒಬ್ಬರೇ ಇದ್ದರು. ಒಂದು ದಿನ ಮೆಟ್ಟಿಲ ಬಳಿ ತಡೆದರು.

"ಏನಮ್ಮಾ ಹ್ಯೂಸ್ಟನ್, ಮಗು ಯಾಕೆ ಕುಂಟ್ತಿದೆ?" ನನ್ನ ಹೆಸರು ಡೆಲ್ಫೀನ್ ಎಂದು ಎಷ್ಟು ಹೇಳಿದರೂ ಅವರಿಗೆ ನಾನು ಹ್ಯೂಸ್ಟನ್ನೇ.

"ಚಳಿಗೆ ತಾತ. ಮೇಲೆ ಕೊಳವೆ ಹೆಣದ ಥರ ತಣ್ಣಗಿದೆ."

"ನಾನಿಲ್ಲಿ ಬನಿಯನ್ನಲ್ಲಿ ಕೂತು ಬೆವರ್ತಿದೀನಲ್ಲೇ!" ತಲೆ ಕೆರೆದುಕೊಂಡರು. "ನೋಡು, ನನ್ನ ಕಿಟಕಿ ತೆಗೆದ್ರೆ ಆ ಡಬ್ಬಿಗೆ ಚಳಿ ಆಗುತ್ತೆ, ಬಾಯ್ಲರ್ ಉರಿಯುತ್ತೆ. ಬೇಕಾದಾಗ ಚಮಚದಲ್ಲಿ ಕೊಳವೆ ಮೇಲೆ ಎರಡು ಸಲ ತಟ್ಟು."

"ಮತ್ತೆ ನಿಮಗೆ ಚಳಿ ಆಗಲ್ವಾ?"

"ನಂಗಾ? ಜೀವಮಾನವೆಲ್ಲ ಕೋಲ್ಡ್ ಸ್ಟೋರೇಜಲ್ಲಿ ಹಂದಿ ಮಾಂಸ ಹೊತ್ತೋನು ನಾನು. ಚಳಿಗೇ ನನ್ನ ಕಂಡ್ರೆ ಭಯ."

ತಟ್ಟಿದೆ. ಸ್ವಲ್ಪ ಹೊತ್ತಿಗೆ ಕೊಳವೆ ಕಟಕಟ ಎಂದಿತು, ಹಬೆ ಏರಿತು, ನೈಲಾ ಕೋಟು ಬಿಚ್ಚಿ ಕುರ್ಚಿಯ ಮೇಲೆಸೆದಳು. ಆಮೇಲೆ ದಿನಾ ತಟ್ಟಿದೆ. ಒಂದು ಸಲವೂ ತಾತ ತಪ್ಪಿಸಲಿಲ್ಲ. ಆ ಚಳಿಗಾಲ ನನ್ನ ಮಗಳು ಆಸ್ಪತ್ರೆಯ ಮುಖ ನೋಡಲಿಲ್ಲ. ಕೆಳಗೆ ಕೆಮ್ಮು ಹೆಚ್ಚಾದದ್ದು ನನಗೂ ಕೇಳಿಸುತ್ತಿತ್ತು. ವಿಚಾರಿಸಿದರೆ, "ಸಿಗರೇಟು ಬಿಟ್ಟಿದ್ದಕ್ಕೆ ಸೇಡು ತೀರಿಸ್ಕೊಳ್ತಿದೆ" ಎಂದು ನಕ್ಕರು. ನಾನೂ ನಕ್ಕೆ, ಮೇಲೆ ಹೋಗಿ ತಟ್ಟಿದೆ.

ಫೆಬ್ರವರಿಯಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಆಂಬುಲೆನ್ಸಿನಲ್ಲಿ ಹೋದವರು ಮರಳಲಿಲ್ಲ.

ಹೂಳುವಾಗ ತೊಡಿಸಲು ಅವರು ಚರ್ಚಿಗೆ ಹಾಕುತ್ತಿದ್ದ ಸೂಟು ಬೇಕೆಂದು ಅಲಬಾಮಾದಿಂದ ಅವರ ತಂಗಿ ಫೋನು ಮಾಡಿದಳು. ತರಲು ಒಳಗೆ ಹೋದೆ. ಕಿಟಕಿ ಇನ್ನೂ ತೆರೆದೇ ಇತ್ತು. ಮೇಲಕ್ಕೆತ್ತಿದ ಗಾಜಿನ ಚೌಕಟ್ಟು ಕೆಳಗೆ ಜಾರದಂತೆ ಮುರಿದ ಕುರ್ಚಿಯ ಕಾಲನ್ನು ಆನಿಸಿದ್ದರು. ಮಲಗುವ ಕೋಣೆಯ ಮಂಚದ ಮೇಲೆ ಹಾಸಿಗೆ ಇರಲಿಲ್ಲ. ಅದಿದ್ದದ್ದು ಸ್ನಾನದ ಮನೆಯಲ್ಲಿ, ಟಬ್ಬಿನೊಳಗೆ. ಇಡೀ ಮನೆಯಲ್ಲಿ ಕಿಟಕಿಯಿಲ್ಲದ ಜಾಗ ಅದೊಂದೇ. ಹಾಸಿಗೆಯ ಮೇಲೆ ಎರಡು ಕೋಟು, ಒಂದು ಉಣ್ಣೆಯ ಟೋಪಿ. ಟಬ್ಬಿನ ಅಂಚಿನಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತೆ. ನೈಲಾ ಹಿಂದೆಯೇ ಬಂದು ನಿಂತದ್ದು ಆಮೇಲೆ ಗೊತ್ತಾಯಿತು.

ಮನೆ ಖಾಲಿ ಮಾಡಿಸಲು ಬಂದ ಕಂಪನಿಯವನು, "ಮೇಡಂ, ಕೆಳಮನೆ ನೀವೇ ತಗೋತೀರಾ?" ಎಂದ. ಮಾತು ಮುಗಿಯುವ ಮೊದಲೇ ಹೂಂ ಎಂದೆ. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೂ ಹೂಂ ಎಂದೆ.

ಮುಂದಿನ ಚಳಿಗಾಲದ ಹೊತ್ತಿಗೆ ನಮ್ಮ ಹಳೇ ಮನೆಗೆ ಮಾರಿಸೋಲ್ ಬಂದಿದ್ದಳು, ವೆನೆಜುವೆಲಾದವಳು. ಕಂಕುಳಲ್ಲಿ ಎಳೇ ಮಗು.

"ಅಕ್ಕಾ, ಇಲ್ಲಿ ಹೆಂಗಿದ್ರಿ ನೀವು? ಮಗು ಕೈಯೆಲ್ಲ ನೀಲಿಯಾಗ್ತಿದೆ" ಎಂದಳು.

ತಾತನ ಕಥೆಯಲ್ಲಿ ಟಬ್ಬೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. "ಎರಡು ಸಲ ತಟ್ಟು. ನಾನಿದೀನಿ" ಎಂದೆ. ನಿಜವಾಗಿ ಮನಸ್ಸಿನಿಂದಲೇ ಹೇಳಿದೆ.

ಅಂದು ಸಂಜೆಯೇ ತಟ್ಟಿದಳು. ನೈಲಾಳನ್ನು ಅಡುಗೆಮನೆಯಲ್ಲಿ ಕಂಬಳಿ ಸುತ್ತಿ ಕೂರಿಸಿ ಕಿಟಕಿ ತೆಗೆದೆ. ಮೇಲೆ ಮಗುವಿನ ಅಳು ನಿಂತಿತು. ಬೆಳಗಾಗುವಷ್ಟರಲ್ಲಿ ನೈಲಾಳಿಗೆ ಎದ್ದು ನಿಲ್ಲಲಾಗಲಿಲ್ಲ. ಆಸ್ಪತ್ರೆಯಲ್ಲಿ ಅವಳ ಕೈಗೆ ಸೂಜಿ ಚುಚ್ಚಲು ನರ ಸಿಗದೆ ನರ್ಸಮ್ಮನೇ ಕಣ್ಣೊರೆಸಿಕೊಂಡಳು.

ವಾಪಸು ಬಂದ ಸಂಜೆ ಹುರುಳಿಕಾಯಿ ಬೇಯಿಸಿ ಮೆಕ್ಕೆಜೋಳದ ರೊಟ್ಟಿ ಮಾಡಿದ್ದೆ. ನೈಲಾ ತೆಳು ಅಂಗಿಯಲ್ಲಿ ಕೂತು ತಿನ್ನುತ್ತಿದ್ದಳು, ಬರಿಗಾಲಲ್ಲಿ. ಕೊಳವೆಯಲ್ಲಿ ಸದ್ದಾಯಿತು. ಟಣ್, ಟಣ್.

"ಅಮ್ಮಾ, ಮೇಲಿನವ್ರು."

"ನೀನು ತಿನ್ನು."

ಮತ್ತೆ ತಟ್ಟಿದಳು. ಈ ಸಲ ಜೋರಾಗಿ. ಹಿಂದೆಯೇ ಮಗುವಿನ ಅಳು.

ನೈಲಾ ರೊಟ್ಟಿ ಕೆಳಗಿಟ್ಟಳು. "ಅಮ್ಮಾ, ಕಿಟಕಿ ತೆಗಿ. ನಾನು ತಾತನ ಹಾಗೆ ಟಬ್ಬಲ್ಲಿ ಮಲಗ್ತೀನಿ."

ಎದ್ದೆ. ಕಿಟಕಿಯವರೆಗೂ ಹೋದೆ. ಕುರ್ಚಿಯ ಕಾಲು ಇನ್ನೂ ಅಲ್ಲೇ ಮೂಲೆಯಲ್ಲಿತ್ತು. ಆಮೇಲೆ ಸ್ನಾನದ ಮನೆಯಿಂದ ದಪ್ಪನೆಯ ಟವೆಲ್ ತಂದು ಕೊಳವೆಗೆ ಬಿಗಿಯಾಗಿ ಸುತ್ತಿ ಕಟ್ಟಿದೆ. ತಟ್ಟುವುದು ಆಗಲೂ ಕೇಳಿಸುತ್ತಿತ್ತು, ಮೆತ್ತಗೆ. ನೈಲಾ ತಟ್ಟೆ ಆಚೆ ಸರಿಸಿ, ಎದ್ದು ಹೋಗಿ ಕೋಟು ತೊಟ್ಟುಕೊಂಡು ಬಂದು ಕೂತಳು.