ಮೂರನೇ ಸಾಲಿನ ನಿಲುಗಡೆ

ಹಾಡುಗಾರ್ತಿ ತನ್ನ ಹಾಡನ್ನು ಬೇರೆಯವರ ಬಾಯಲ್ಲಿ ಮೊದಲ ಸಲ ಕೇಳಿದ್ದು ಔಷಧಿ ಅಂಗಡಿಯಲ್ಲಿ. ಗಂಟಲಿಗೆ ಮಾತ್ರೆ ಕೊಳ್ಳಲು ಹೋಗಿದ್ದಳು. ಅಂಗಡಿಯ ರೇಡಿಯೋದಲ್ಲಿ ಹೆಣ್ಣುದನಿಯೊಂದು ಮೋಡದ ಬಗ್ಗೆ ಏನೋ ಹಾಡುತ್ತಿತ್ತು. ಮಾತು ಬೇರೆ, ಧಾಟಿ ಮಾತ್ರ ಇವಳದೇ. ಇನ್ನೂ ಯಾವ ಸಭೆಯ ಮುಂದೂ ಹಾಡದ, ಎಲ್ಲೂ ಬಿಡುಗಡೆ ಮಾಡದ, ವರ್ಷದಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದ ಚಿಲಕದ ಹಾಡಿನ ಧಾಟಿ. ಹೊಸ ಆಲ್ಬಮ್ಮೇ ಅದರ ಮೇಲೆ ನಿಂತಿತ್ತು.

"ಚೆನ್ನಾಗಿದೆ ಅಲ್ವಾ? ಈಗ ಎಲ್ರೂ ಇದನ್ನೇ ಗುನುಗ್ತಾರೆ," ಎಂದ ಅಂಗಡಿಯವನು. ಮಾತ್ರೆಯನ್ನು ಅಲ್ಲೇ ಬಿಟ್ಟು ಅವಳು ಹೊರಗೆ ಬಂದಳು.

ಇವಳೇನು ಮನೆಮನೆಗೆ ಗೊತ್ತಿದ್ದ ಗಾಯಕಿಯಲ್ಲ. ಆದರೆ ಗೊತ್ತಿದ್ದವರು ಬಿಡದೆ ಕೇಳುತ್ತಿದ್ದರು. ಬಾಗಿಲು, ಬಕೆಟ್ಟು, ಒಣಹಾಕಿದ ಬಟ್ಟೆ, ಹೀಗೆ ಮನೆಯ ಸಾಮಾನುಗಳ ಮೇಲೆ ಜನಪದದ ಹದದಲ್ಲಿ ಹಾಡು ಕಟ್ಟಿ, ಗಿಟಾರು ಹಿಡಿದು ಹಾಡುತ್ತಿದ್ದಳು. ಬೆನ್ನಿಗೆ ಕಂಪನಿಯಿಲ್ಲ, ಮ್ಯಾನೇಜರಿಲ್ಲ. ಇದ್ದದ್ದು ಅಕ್ಕ. ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿ ಮೊದಲ ಆಲ್ಬಮ್ ರೆಕಾರ್ಡ್ ಮಾಡಿದಾಗ, ಬೀದಿಯ ಸದ್ದು ಬರದಂತೆ ಕೈ ಸೋಲುವ ತನಕ ಕಂಬಳಿ ಎತ್ತಿ ಹಿಡಿದವಳು ಅಕ್ಕ. ಕಾಫಿ ಅಂಗಡಿಯಲ್ಲಿ ಯಾರೂ ಕಪ್ಪಿನಿಂದ ತಲೆ ಎತ್ತದಿದ್ದಾಗ ಪಕ್ಕದಲ್ಲಿ ನಿಂತು ಎರಡನೇ ದನಿ ಕೊಟ್ಟವಳೂ ಅಕ್ಕನೇ. ಹಗಲೆಲ್ಲ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನೆತ್ತುವ ಕೆಲಸ, ಸಂಜೆ ತಂಗಿಯ ಕೋಣೆಯಲ್ಲಿ ಹಾಡು. ಅಕ್ಕನಿಗೆ ಸ್ವರ ಬರೆಯಲು, ಓದಲು ಬಾರದು. ತಂಗಿ ಹಾಡಿದ್ದನ್ನು ಮೊಬೈಲಿಗೆ ಹಿಡಿದುಕೊಂಡು, ಪಾತ್ರೆ ತೊಳೆಯುತ್ತ ಕೇಳಿ ಕೇಳಿ, ತನ್ನ ದನಿಗೆ ಜಾಗ ಹುಡುಕಿಕೊಳ್ಳುತ್ತಿದ್ದಳು.

ಅನುಮಾನ ಮೊದಲು ಹೋಗಿ ಕೂತದ್ದು ಆ ಮೊಬೈಲಿನ ಮೇಲೆ. ಚಿಲಕದ ಹಾಡು ಗೊತ್ತಿದ್ದದ್ದು ಇಬ್ಬರಿಗೆ. ತಾನಂತೂ ಕೊಟ್ಟಿಲ್ಲ. ಇನ್ನು ಉಳಿದವಳು ಯಾರು? ರೇಡಿಯೋದಲ್ಲಿ ಹಾಡಿದವಳು ಗುಂಗುರು. ತಲೆತುಂಬ ಗುಂಗುರು ಕೂದಲಿದ್ದುದರಿಂದ ಎಲ್ಲರ ಬಾಯಲ್ಲೂ ಅದೇ ಹೆಸರು. ಹೋದ ವರ್ಷ ಇವಳ ಕಾರ್ಯಕ್ರಮಗಳಲ್ಲಿ ಮೊದಲಿಗೆ ಒಂದೆರಡು ಹಾಡು ಹಾಡುತ್ತಿದ್ದ ಹುಡುಗಿ. ಸಭೆ ಸೇರುವ ಮುಂಚೆಯೇ ಬಂದು, ವೇದಿಕೆಯ ಮೆಟ್ಟಿಲ ಮೇಲೆ ಬಾಳೆಹಣ್ಣು ತಿನ್ನುತ್ತ ಕೂತಿರುತ್ತಿದ್ದಳು. ಆಮೇಲೆ ಉಸಿರು ಹಿಡಿಯುವುದನ್ನು ಕಲಿಯಲೆಂದು ಕೆಲವು ವಾರ ಅಕ್ಕನ ಮನೆಗೂ ಹೋಗಿದ್ದಳು. ಅಕ್ಕ ಪುಕ್ಕಟೆ ಕಲಿಸಿದ್ದಳು. ಆಗ ಅದು ಅಕ್ಕನ ದೊಡ್ಡ ಮನಸ್ಸು ಅನ್ನಿಸಿತ್ತು. ಈಗ, ಪುಕ್ಕಟೆ ಯಾರು ಯಾರಿಗೆ ಏನು ಕಲಿಸುತ್ತಾರೆ ಅನ್ನಿಸಿತು.

ಆ ಸಂಜೆ ಅಕ್ಕನಿಗೆ ಗುಂಗುರುವಿನ ಹಾಡು ಹಾಕಿ ಕೇಳಿಸಿದಳು. ತಾನು ಹಾಡು ಕೇಳಲಿಲ್ಲ, ಅಕ್ಕನ ಮುಖ ನೋಡುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. ಮೂರನೇ ಸಾಲಿನ ನಡುವೆ ಗುಂಗುರು ಫಕ್ಕನೆ ನಿಲ್ಲಿಸುತ್ತಾಳೆ, ತುಸು ಹೊತ್ತು ಮೌನ, ಆಮೇಲೆ ಹಾಡು ಮೇಲಕ್ಕೆ ಏರುತ್ತದೆ. ಆ ಮೌನದಲ್ಲಿ ಏನೇನೋ ಅರ್ಥ ಕಂಡು ಪತ್ರಿಕೆಯವರು ಪುಟಗಟ್ಟಲೆ ಬರೆದಿದ್ದರು. ಸರಿಯಾಗಿ ಅಲ್ಲಿಗೆ ಬಂದಾಗ ಅಕ್ಕನ ತುಟಿಯಂಚಿನಲ್ಲಿ ನಗು ಮೂಡಿತು.

"ನಗ್ತೀಯಾ?"

"ಅಲ್ಲ ಕಣೇ, ಆ ಮೂರನೇ ಸಾಲು ಸರಿಯಾಗಿ ಕೇಳಿದ್ಯಾ? ಅಲ್ಲಿ ನಿಂತ್‌ಬಿಡ್ತಾಳಲ್ಲ..."

"ಎಲ್ಲಿ ನಿಂತ್ರೆ ನನಗೇನು? ಇದು ಅವಳ ಕೈಗೆ ಹೇಗೆ ಸಿಕ್ತು ಅಂತ ಕೇಳ್ತಿದೀನಿ."

ಅಕ್ಕ ಕಣ್ಣು ಬಿಟ್ಟಳು. "ನನ್ನನ್ನ ಕೇಳ್ತಿದೀಯಾ?"

"ನಿನ್ನನ್ನ ಅಂತ ಯಾರಂದ್ರು? ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯಾ?"

ಅಕ್ಕ ಆಮೇಲೆ ಮೂರನೇ ಸಾಲಿನ ಮಾತೆತ್ತಲಿಲ್ಲ. ಮಾತು ಬದಲಿಸಲು ನೋಡಿದಳು, ಸಿಕ್ಕಿಬಿದ್ದಳು ಎಂದು ತಂಗಿ ಲೆಕ್ಕ ಹಾಕಿದಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಕ್ಕ ಮೊಬೈಲನ್ನು ಬೋರಲಾಗಿಟ್ಟರೆ ಏನನ್ನೋ ಮುಚ್ಚಿಡುತ್ತಿದ್ದಾಳೆ. ನೆಟ್ಟಗಿಟ್ಟರೆ, ನೋಡು, ನನ್ನಲ್ಲೇನೂ ಇಲ್ಲ ಅಂತ ನಾಟಕ. ಹೊಸ ಕೈಚೀಲ ತಂದರೆ ಗುಂಗುರು ಕೊಡಿಸಿದ್ದಿರಬೇಕು. ಭಾವ ಕೊಡಿಸಿದ್ದಂತೆ ಅದು. ಆದರೆ ಭಾವ ಯಾವತ್ತು ತಾನೇ ಏನಾದರೂ ಕೊಡಿಸಿದ್ದಾರೆ? ಪಾಪ, ಅಪರೂಪಕ್ಕೆ ಹೆಂಡತಿಗೊಂದು ಚೀಲ ತಂದ ಆ ಮನುಷ್ಯನೂ ಒಳಸಂಚಿನ ಪಾಲುದಾರನಾಗಿಬಿಟ್ಟ.

ಕೊನೆಗೊಂದು ಸಂಜೆ ಬಾಗಿಲಲ್ಲೇ ಅಕ್ಕನನ್ನು ತಡೆದಳು. "ಇನ್ಮೇಲೆ ಫೋನ್ ಒಳಗೆ ಬೇಡ. ಚಪ್ಪಲಿ ಸ್ಟ್ಯಾಂಡ್ ಮೇಲೆ ಇಟ್ಟು ಬಾ."

"ನನ್ ಫೋನಾ?"

"ಎಲ್ರಿಗೂ ಇದೇ ರೂಲ್ಸು."

ಎಲ್ಲರೂ ಎಂದರೆ, ಆ ಕೋಣೆಗೆ ಬರುತ್ತಿದ್ದವಳು ಅಕ್ಕ ಒಬ್ಬಳೇ. ಅವಳು ತಂಗಿಯ ಮುಖವನ್ನೊಮ್ಮೆ ನೋಡಿ, ಚಪ್ಪಲಿ ಬಿಟ್ಟು, ಮೇಲಿನ ಹಲಗೆಯ ಮೇಲೆ ಫೋನಿಟ್ಟು ಒಳಗೆ ಬಂದಳು. ರೆಕಾರ್ಡಿಂಗ್ ಇಲ್ಲದೆ ಹೊಸ ಹಾಡುಗಳಲ್ಲಿ ಅವಳ ದನಿ ಅಲ್ಲಲ್ಲಿ ಎಡವತೊಡಗಿತು. ಬೇಕಂತಲೇ ಹಾಳು ಮಾಡುತ್ತಿದ್ದಾಳೆ ಎಂದು ತಂಗಿಗೆ ಅನುಮಾನ.

ಅಂಥದೇ ಒಂದು ಸಂಜೆ ಹಾಡು ಮುಗಿಸಿ ಹೊರಗೆ ಹೋದ ಅಕ್ಕ, ಒಂದು ಕಾಲಿಗೆ ಚಪ್ಪಲಿ ಹಾಕಿ ಫೋನ್ ನೋಡಿದವಳು ಹಾಗೇ ನಿಂತಳು. ಮಗಳ ಶಾಲೆಯಿಂದ ಮೇಲಿಂದ ಮೇಲೆ ಕರೆ ಬಂದಿತ್ತು. ಶಾಲೆ ಬಿಟ್ಟ ಮೇಲೆ ಆಟದ ಮೈದಾನದಲ್ಲಿ ಬಿದ್ದು ಮಗಳ ಕೈಮೂಳೆ ಮುರಿದಿತ್ತು. ಅಮ್ಮ ಯಾಕೆ ಫೋನೆತ್ತುತ್ತಿಲ್ಲ ಎಂದು ಅತ್ತ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರು ಆಟದ ಟೀಚರು. ಅಕ್ಕ ಮೆಟ್ಟಿಲಿಳಿದು ಓಡಿದಳು.

ಮಾರನೆಯ ದಿನ ತಂಗಿ ಹಣ್ಣು ಹಿಡಿದು ನೋಡಲು ಹೋದಳು. ಕ್ಲಿನಿಕ್ಕಿಗೆ ಬಂದವರನ್ನು ಮಾತಾಡಿಸುವ ದನಿಯಲ್ಲಿ ಅಕ್ಕ "ಕೂತ್ಕೋ, ನೀರು ಬೇಕಾ?" ಎಂದಳು. ಪ್ಲಾಸ್ಟರ್ ಹಾಕಿದ ಮಗುವಿನ ಕೈಯನ್ನು ತಂಗಿ ಮೆಲ್ಲಗೆ ಸವರಿದಳು. ಆದರೂ ವಾಪಸು ಬರುವ ದಾರಿಯಲ್ಲಿ ಅವಳ ತಲೆ ಹೇಳಿತು, ನಾನು ಕೊಟ್ಟಿಲ್ಲ ಅಂತ ಅಕ್ಕ ಒಂದು ಸಲವಾದರೂ ಬಾಯಿಬಿಟ್ಟು ಹೇಳಿದ್ದಾಳಾ? ಅನುಮಾನಕ್ಕೆ ಅಷ್ಟು ಸುಲಭಕ್ಕೆ ಹೊಟ್ಟೆ ತುಂಬುವುದಿಲ್ಲ.

ಮುಂದಿನ ಕಾರ್ಯಕ್ರಮಕ್ಕೆ ಅಕ್ಕ ಬರಲಿಲ್ಲ. ಖಾಲಿ ಸಭಾಂಗಣದಲ್ಲಿ ಮೈಕ್ ಟೆಸ್ಟಿಂಗ್. ಗುಡಿಸುವವಳು ಕುರ್ಚಿಗಳ ನಡುವೆ ಪೊರಕೆ ಆಡಿಸುತ್ತಿದ್ದಳು.

"ಮೇಡಂ, ಏನಾದ್ರೂ ಹಾಡಿ," ಎಂದು ಹಿಂದಿನ ಸಾಲಿನಿಂದ ಸೌಂಡಿನವನು ಕೂಗಿದ.

ಅವಳು ಯೋಚಿಸದೆ ಬಾಯಿ ತೆರೆದಳು. ವರ್ಷದಿಂದ ಊರೂರಿನ ಖಾಲಿ ಸಭಾಂಗಣಗಳಲ್ಲಿ ಬಂದ ಹಾಗೇ ಹಾಡು ತಾನಾಗಿ ಬಂತು. ಚಿಲಕವೇ ಚಿಲಕವೇ ಮೆಲ್ಲಗೆ ಸರಿ, ಒಳಗೆ ಮಲಗಿದ್ದಾಳೆ ನನ್ನ ಮರಿ. ಹೊಸ ಹಾಡು ದೊಡ್ಡ ಮೈಕಿನಲ್ಲಿ ಹೇಗೆ ಕೇಳುತ್ತದೆ ಎಂದು ನೋಡುವುದು ಅವಳ ಚಾಳಿ. ಸಭೆಯೇ ಇಲ್ಲವಲ್ಲ, ಮೈಕ್ ಟೆಸ್ಟಿಂಗನ್ನು ಯಾರು ಕಿವಿಗೊಟ್ಟು ಕೇಳುತ್ತಾರೆ? ಮೂರನೇ ಸಾಲಿನ ನಡುವೆ ಎಂದಿನಂತೆ ನಿಲ್ಲಿಸಿ, "ಗಿಟಾರ್ ಸ್ವಲ್ಪ ಕಡಿಮೆ, ನನ್ನ ದನಿ ಜಾಸ್ತಿ," ಎಂದಳು.

"ಆಯ್ತು ಮೇಡಂ. ಇದು ಗುಂಗುರು ಹಾಡಲ್ವಾ? ಅವರೂ ಸರಿಯಾಗಿ ಇಲ್ಲೇ ನಿಲ್ಲಿಸ್ತಾರೆ."

ಅವಳ ಕೈ ತಂತಿಯ ಮೇಲೆ ಹಾಗೇ ನಿಂತಿತು. ಮನೆಯಲ್ಲಿ ಆ ಸಾಲು ನಿಲ್ಲುತ್ತಿರಲಿಲ್ಲ. ಮೆಲ್ಲಗೆ ಕೆಳಕ್ಕಿಳಿದು ನಾಲ್ಕನೆಯದಕ್ಕೆ ಸೇರಿಕೊಳ್ಳುತ್ತಿತ್ತು, ಅಕ್ಕನ ದನಿ ಕೂಡುತ್ತಿದ್ದದ್ದೇ ಆ ಇಳಿಜಾರಿನಲ್ಲಿ. ಅಕ್ಕನ ಮೊಬೈಲಿನಿಂದ ಹಾಡು ಹೋಗಿದ್ದರೆ ಅದೂ ಜೊತೆಗೆ ಹೋಗಿರುತ್ತಿತ್ತು. ಗುಂಗುರುವಿಗೆ ಆ ಇಳಿಜಾರು ಗೊತ್ತೇ ಇರಲಿಲ್ಲ. ಮೆಟ್ಟಿಲ ಮೇಲೆ ಬಾಳೆಹಣ್ಣು ತಿನ್ನುತ್ತ ಎಷ್ಟು ಕಿವಿಗೆ ಬಿತ್ತೋ ಅಷ್ಟೇ ಅವಳಿಗೆ ಸಿಕ್ಕಿದ್ದು. ಕದ್ದಳೋ, ಕಿವಿಗೆ ಅಂಟಿಕೊಂಡಿತೋ, ಅದು ಬೇರೆ ಜಗಳ. ಪತ್ರಿಕೆಯವರು ಹೊಗಳಿದ ಮೌನ, ದನಿ ಹೆಚ್ಚಿಸಪ್ಪಾ ಎಂದು ಇವಳು ಕೇಳುತ್ತಿದ್ದ ಹೊತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಇವಳು ಹುಡುಕಿದ್ದು ಊರನ್ನೂ ಅಲ್ಲ, ಅಕ್ಕನ ಕೈಚೀಲವನ್ನು.

ಮರುದಿನ ಬೆಳಿಗ್ಗೆ ಅಕ್ಕನ ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಅಕ್ಕ ಮಗಳ ತಲೆ ಬಾಚುತ್ತ ಕೇಳಿಸಿಕೊಂಡಳು.

"ಕೇಳಿದ ಕೂಡ್ಲೇ ನಂಗೆ ಗೊತ್ತಾಯ್ತು. ನಿನ್ನ ಮೈಕ್ ಟೆಸ್ಟಿಂಗ್ ಪಕ್ಕದಲ್ಲೇ ನಿಂತು ಕೇಳಿದವಳಲ್ವಾ ನಾನು? ಹೇಳೋಕೆ ಬಂದೆ, ನೀನು ಬಿಡ್ಲಿಲ್ಲ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲಕ್ಕಾ?"

"ನಾನು ಕಳ್ಳಿ ಅಲ್ಲ ಅಂತ ನಾನೇ ಸಾಕ್ಷಿ ತರ್ಬೇಕಿತ್ತಾ? ಅದೂ ನಿನ್ನ ಮುಂದೆ?"

ತಂಗಿಯ ಕಣ್ಣು ತುಂಬಿತು. "ತಪ್ಪಾಯ್ತು ಅಕ್ಕಾ."

ಅಕ್ಕ ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಮುಗಿಸಿದಳು. "ಸಾಯಂಕಾಲ ಬರ್ತೀನಿ ಬಿಡು. ಆಲ್ಬಮ್ ಮುಗಿಸ್ಬೇಕಲ್ಲ."

ಸಂಜೆ ಹೇಳಿದ ಹೊತ್ತಿಗೆ ಬಂದಳು. ಚಪ್ಪಲಿ ಬಿಟ್ಟಳು. ಚೀಲದಿಂದ ಫೋನ್ ತೆಗೆದು ಸ್ಟ್ಯಾಂಡಿನ ಮೇಲಿನ ಹಲಗೆಯ ಮೇಲಿಟ್ಟಳು.

"ಬೇಡಕ್ಕಾ, ಒಳಗೆ ತಗೊಂಡ್ ಬಾ. ಮಗು ಮನೇಲಿ ಒಂದೇ ಇರುತ್ತೆ."

"ಪಕ್ಕದ ಮನೆಯವರಿಗೆ ಹೇಳಿ ಬಂದಿದೀನಿ. ಫೋನ್ ಅಲ್ಲೇ ಇರ್ಲಿ. ನಾಳೆ ಇನ್ನೊಂದು ಹಾಡು ಹೊರಗೆ ಹೋದ್ರೆ ಮೊದ್ಲು ನನ್ನ ನೆನಪೇ ಬರುತ್ತೆ ನಿಂಗೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಂಗಿ ಕಾಲು ಹಿಡಿದಾದರೂ ಸಮಾಧಾನ ಮಾಡುತ್ತಿದ್ದಳು.

ಇಬ್ಬರೂ ಎಂದಿನ ಜಾಗದಲ್ಲಿ ಕೂತರು. ತಂಗಿ ಚಿಲಕದ ಹಾಡು ಎತ್ತಿಕೊಂಡಳು. ಮೂರನೇ ಸಾಲಿನ ನಡುವೆ, ಇನ್ನೇನು ಇಳಿಯಬೇಕು ಅನ್ನುವಾಗ, ಹೊರಗೆ ಫೋನ್ ರಿಂಗಾದಂತಾಗಿ ಅವಳ ದನಿ ನಿಂತಿತು. ಅಕ್ಕ ಕಾದಳು. ಯಾವ ಫೋನೂ ಬಂದಿರಲಿಲ್ಲ.

"ಮೊದಲಿಂದ ಹೇಳು," ಎಂದಳು ಅಕ್ಕ. ತಂಗಿ ಮೊದಲಿಂದ ಹೇಳಿದಳು, ಮತ್ತೆ ಅಲ್ಲೇ ನಿಂತಳು.