ಲಕ್ಷ್ಮಿಯಮ್ಮಾಳ್ ಕೊಟ್ಟ ಗೆಣಸಿನ ಬಳ್ಳಿ

“ಥೂ, ಇದ ಬಾಯಲ್ಲಿ ಇಡೋಕಾಯ್ತದಾ? ಒದ್ದೆ ಗೋಣಿ ಅಗಿದಂಗೈತೆ. ಇದನ್ನ ನಮ್ಮವ್ವನ ಎಲೆಗೆ ಹಾಕೋಕೆ ನಿಂಗೆ ಕೈ ಹೆಂಗೆ ಬಂತು ಮಾಮಾ?”

ದೈವಾನೈ ಬಾಯಲ್ಲಿದ್ದ ಗೆಣಸನ್ನು ಹಿತ್ತಿಲ ಬಾಗಿಲಾಚೆ ಉಗಿದಳು. ಕಹಿ ನಾಲಿಗೆ ಬಿಡಲಿಲ್ಲ. ಗಂಡ ರಾಮರ್ ಕಬ್ಬಿನ ಗರಿ ಸವರುತ್ತ ತಲೆಯೆತ್ತಲಿಲ್ಲ.

“ಬೆಳಬೆಳಗ್ಗೆ ಪೊಂಗಲ್ ದಿನ ಯಾಕೆ ಕೂಗಾಡ್ತೀಯ? ಗೆಣಸು ತಾನೆ.”

ಅವಳು ತೇವಾರಂ ಊರಿನಿಂದ ಉತ್ತಮಪಾಳಯಕ್ಕೆ ಸೊಸೆಯಾಗಿ ಬಂದ ದಿನ ತಾಯಿ ಲಕ್ಷ್ಮಿಯಮ್ಮಾಳ್ ನಾಲ್ಕು ತುಂಡು ಗೆಣಸಿನ ಬಳ್ಳಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಿಗೆ ಹಾಕಿದ್ದಳು. ಅವರ ಮನೆಯಲ್ಲಿ ಹೆಣ್ಣನ್ನು ಕಳಿಸುವುದೇ ಹಾಗೆ. ಮೂವತ್ತೊಂದು ವರ್ಷ ದೈವಾನೈ ಕುಡಿ ಕತ್ತರಿಸಿ ನೆಡುತ್ತ ಅದನ್ನು ಸಾಯಗೊಡಲಿಲ್ಲ. ಮಗಳು ಅಮುದಾಳಿಗೂ ಹಾಗೇ ಸುತ್ತಿ ಕೊಟ್ಟಳು. ತಾಯಿ ತೀರಿಹೋದ ಮೇಲೆ ಪೊಂಗಲ್‌ನ ಮೊದಲ ಗೆಣಸು ಅವಳ ಪಟದ ಮುಂದಿನ ಎಲೆಗೆ ಹೋಗುತ್ತಿತ್ತು.

ದೈವಾನೈ ಅಮುದಾಳ ಬಾಣಂತನಕ್ಕೆಂದು ಮೂರು ತಿಂಗಳು ದಿಂಡಿಗಲ್ಲಿನ ಮಗಳ ಮನೆಯಲ್ಲಿದ್ದು ನಿನ್ನೆ ಸಂಜೆ ಕತ್ತಲಾದ ಮೇಲೆ ಮನೆ ಸೇರಿದ್ದಳು. ಹಿತ್ತಿಲು ನೋಡಿದ್ದು ಈಗ. ಹಸಿರು ಬಳ್ಳಿಯ ಜಾಗದಲ್ಲಿ ಕೊಳೆತ ಬದನೆಕಾಯಿ ಬಣ್ಣದ ಎಲೆಗಳು ಹರಡಿದ್ದವು.

“ಮುತ್ತುಸೆಲ್ವಿ, ನಿನ್ನ ಕೆಲಸಾನಾ ಇದು?”

ಸೊಸೆ ಒಲೆಯ ಮುಂದಿನಿಂದಲೇ ಹೇಳಿದಳು: “ನಾ ಮುಂದುಗಡೆ ಗೇಟಿಗೆ ಮಾತ್ರ ನೆಟ್ಟೆ ಅತ್ತೆ. ಎಲೆ ಚೆಂದಾಗಿರೋ ಜಾತಿ, ಗೆಡ್ಡೆ ರುಚಿಯಿರಲ್ಲ ಅಂತ ತೇನಿ ನರ್ಸರಿಯವ್ರು ಅವತ್ತೇ ಹೇಳಿದ್ರು. ಹಿತ್ತಿಲಲ್ಲಿ ಹಳೇದು ಕಿತ್ತು ಇದನ್ನ ನೆಟ್ಟದ್ದು ಮಾವ. ಬೇಡ ಅಂದೆ, ಕೇಳಲಿಲ್ಲ.”

“ಬೀದೀಲಿ ಹೋಗೋರೆಲ್ಲ ನಿಂತು ಪೋಟೋ ಹಿಡೀತಾರೆ,” ಎಂದ ರಾಮರ್. “ಅದಕ್ಕೇ ಹಿತ್ತಿಲಲ್ಲೂ ಇರ್ಲಿ ಅಂತ.”

“ನಮ್ಮವ್ವನ ಬಳ್ಳಿ?”

“ಕಿತ್ತು ಹಾಕಿದ್ದನ್ನ ಪಕ್ಕದ ಮನೆ ಪೆರಿಯಸಾಮಿ ಆಡು ತಿಂದ್ವು.”

“ವಾರವಾರ ಪೋನಲ್ಲಿ ಕೇಳ್ತಿದ್ನಲ್ಲ, ಬಳ್ಳಿಗೆ ನೀರು ಬಿಟ್ಟೆಯಾ ಅಂತ. ಬಿಟ್ಟೆ ಅಂದ್ಯಲ್ಲ.”

“ಬಿಟ್ಟೆ. ಇದಕ್ಕೆ ಬಿಟ್ಟೆ.”

ಅಂದು ನಕ್ಕ. ತಿನ್ನಲಾಗದ್ದು ಎಂದು ಗೊತ್ತಿದ್ದೂ ಬೇಯಿಸಿದ್ದ. ಗೊತ್ತಿದ್ದೂ ಎಲೆಗೆ ಇಟ್ಟು, ಕರ್ಪೂರ ಹಚ್ಚಿ, ಕೈಮುಗಿದಿದ್ದ. ಇವನ ಜೊತೆ ಒಂದೇ ತಟ್ಟೆಯಲ್ಲಿ ಉಂಡ ದಿನಗಳು ನೆನಪಾಗಿ ದೈವಾನೈ ಇನ್ನೊಮ್ಮೆ ಉಗಿದಳು.

“ಇಷ್ಟಕ್ಕೆ ಏನು ರಗಳೆ,” ಎಂದ ರಾಮರ್. “ಅಮುದಾ ಮನೆ ಮಾಳಿಗೆ ಮೇಲೆ ತೊಟ್ಟೀಲಿ ಐತಲ್ಲ. ನಾಲ್ಕು ಕುಡಿ ತಂದು ನೆಡು, ಮುಗೀತು.”

“ತರ್ಬೋದು. ಯಾರ ಮನೇಲಿ ನೆಡ್ಲಿ?”

ಅವಳು ಎಲೆಯನ್ನು ಗೆಣಸಿನ ಸಮೇತ ಮಡಚಿ ಅವನ ಮುಂದೆ ಇಟ್ಟಳು. ಗೋಡೆಯಿಂದ ತಾಯಿಯ ಪಟ ಇಳಿಸಿ ಸೆರಗಿನಲ್ಲಿ ಒರೆಸಿದಳು. ನಿನ್ನೆ ಬಿಚ್ಚದೆ ಇಟ್ಟಿದ್ದ ಚೀಲ ಹಾಗೇ ಇತ್ತು; ಪಟವನ್ನು ಅದರಲ್ಲಿಟ್ಟು ಹೆಗಲಿಗೇರಿಸಿದಳು.

“ಪೊಂಗಲ್ ಉಕ್ಕೋ ಹೊತ್ತು ಅತ್ತೆ,” ಎಂದಳು ಮುತ್ತುಸೆಲ್ವಿ.

“ನೀ ಉಣ್ಣಮ್ಮ. ನಿನ್ನ ತಪ್ಪಿಲ್ಲ.”

ದಿಂಡಿಗಲ್ ಬಸ್ಸು ಹತ್ತಿದವಳು ಸಂಜೆ ಬಸ್ಸಿಗೆ ವಾಪಸು ಬರುತ್ತಾಳೆ ಎಂದು ರಾಮರ್ ಗೇಟಿನ ಬಳಿ ಕೂತಿದ್ದ. ಮರುದಿನವೂ ಕೂತಿದ್ದ. ಏಪ್ರಿಲ್‌ನಲ್ಲಿ, ಚಿತ್ತಿರೈ ತಿಂಗಳ ಹೊತ್ತಿಗೆ ನೇರಳೆ ಬಳ್ಳಿ ಗೇಟು ದಾಟಿ ಬೀದಿಗೆ ಇಳಿಯಿತು, ಜನ ನಿಂತು ಪೋಟೋ ಹಿಡಿದರು. ದೈವಾನೈ ಬರಲಿಲ್ಲ.